ಹೆಸರಿಲ್ಲದ ವೈದ್ಯ: ಶಿಕಾರಿಪುರ–ಸೊರಬ ಪರಿಸರದ ವೈದ್ಯಪರಂಪರೆಯ ದಾಖಲೆಗಳ ಮರುಪರಿಶೀಲನೆ

ಕರ್ನಾಟಕದ ವೈದ್ಯಚರಿತ್ರೆಯನ್ನು ಕುರಿತ ಬರಹಗಳಲ್ಲಿ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಒಂದು ಖಾಯಂ ಸ್ಥಾನವಿದೆ. ಅಲ್ಲಿನ ಕೋಡಿಯ ಮಠವು ಹನ್ನೆರಡನೆಯ ಶತಮಾನದಲ್ಲಿಯೇ ವಿಶ್ವವಿದ್ಯಾಲಯವಾಗಿತ್ತು, ಆಸ್ಪತ್ರೆಯೂ ಆಗಿತ್ತು ಎಂಬ ಹೇಳಿಕೆಯು ಪಠ್ಯಪುಸ್ತಕಗಳಿಂದ ಹಿಡಿದು ಉತ್ಸವಗಳ ಸ್ಮರಣಸಂಚಿಕೆಗಳವರೆಗೆ ಪುನರುಕ್ತವಾಗುತ್ತ ಬಂದಿದೆ. ಈ ಹೇಳಿಕೆಗೆ ಆಧಾರವಾದ ಶಾಸನವು ನಿಜವಾಗಿಯೂ ಮಹತ್ತ್ವದ್ದು. ಆದರೆ ಆ ಶಾಸನದಲ್ಲಿ ವೈದ್ಯನೊಬ್ಬನ ಹೆಸರನ್ನು ಹುಡುಕಹೊರಟವರಿಗೆ ಅದು ದೊರೆಯುವುದಿಲ್ಲ. ಮಠದ ಆಚಾರ್ಯರ ಹೆಸರುಗಳು ಗುರುಪರಂಪರೆಯ ಕ್ರಮದಲ್ಲಿ ದೊರೆಯುತ್ತವೆ. ದಾನವಿತ್ತ ಅರಸನ ಹೆಸರು ದೊರೆಯುತ್ತದೆ. ರೋಗಿಯ ನಾಡಿ ಹಿಡಿದವನ ಹೆಸರು ಮಾತ್ರ ಇಲ್ಲ. ಈ ಅನುಪಸ್ಥಿತಿ ಕೇವಲ ಆಕಸ್ಮಿಕವೇ, ಅಥವಾ ಚಿಕಿತ್ಸೆಯನ್ನು ಕುರಿತ ಒಂದು ಸಾಮಾಜಿಕ ಕಲ್ಪನೆಯ ಫಲವೇ ಎಂಬುದು ಇಲ್ಲಿನ ವಿಚಾರಣೆಯ ವಿಷಯ. ಇದು ಶಾಸನದ ಕಾಲಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹಳ್ಳಿಮದ್ದಿನ ಪರಂಪರೆಯನ್ನು ಜಾನಪದ ಅಧ್ಯಯನವು ಹೇಗೆ ದಾಖಲಿಸಬೇಕೆಂಬುದಕ್ಕೂ ಇದರ ಉತ್ತರವೇ ದಾರಿ ತೋರಬಲ್ಲದು.

1. ಕೋಡಿಯ ಮಠದ ಶಾಸನ: ಪಟ್ಟಿಯ ಕ್ರಮ

ಬಳ್ಳಿಗಾವೆಯು ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿದ್ದ ಪಟ್ಟಣ. ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳೆಲ್ಲವೂ ಅಲ್ಲಿದ್ದುವು; 1065ರಲ್ಲಿ ಅಲ್ಲೊಂದು ಬೌದ್ಧ ವಿಹಾರವೂ ನಿರ್ಮಾಣಗೊಂಡಿತು. ದಕ್ಷಿಣ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಮಠಕ್ಕೆ ಕೆರೆಯ ಕೋಡಿಯ ಬಳಿ ಇದ್ದುದರಿಂದ ಕೋಡಿಯ ಮಠವೆಂಬ ಹೆಸರು ಬಂದಿತು. ಅದರ ಆಚಾರ್ಯರು ಕಾಳಾಮುಖ ಶೈವರು. ಶಕ್ತಿಪರ್ಷೆಯ ಮೂವರಕೋಣೆಯ ಸಂತತಿಗೆ ಸೇರಿದವರು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದವರ ಹೆಸರುಗಳು ಅಲ್ಲಿನ ಶಾಸನಗಳಿಂದ ತಿಳಿದುಬರುತ್ತವೆ. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಶಿಕಾರಿಪುರ 102 ಎಂಬ ಸಂಖ್ಯೆಯಲ್ಲಿರುವ ಶಾಸನವು 1162ರದು, ಕಳಚುರಿ ಬಿಜ್ಜಳನ ಕಾಲದ್ದು, ವಾಮಶಕ್ತಿಯು ಮಠಾಧಿಪತಿಯಾಗಿದ್ದಾಗಿನದು. ಮಠವನ್ನು ವರ್ಣಿಸುವ ಪ್ರಸಿದ್ಧ ಭಾಗವಿರುವುದು ಇದರಲ್ಲಿಯೇ.

ಆ ವರ್ಣನೆಯು ‘ಇದು ಇಂಥದಕ್ಕೆ ಸ್ಥಾನ, ಇಂಥದಕ್ಕೆ ಸ್ಥಾನ’ ಎಂದು ಒಂದೊಂದಾಗಿ ಎಣಿಸುತ್ತ ಸಾಗುವ ಪಟ್ಟಿಯ ರೂಪದಲ್ಲಿದೆ. ಮೊದಲು ನೈಷ್ಠಿಕ ಬ್ರಹ್ಮಚರ್ಯದ ಶೈವವ್ರತಿಗಳ ಅನುಷ್ಠಾನ ಬರುತ್ತದೆ. ಅನಂತರ ವಿದ್ಯೆಗಳ ಎಣಿಕೆ: ಅಂಗಸಹಿತವಾದ ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು, ಲಾಕುಳ ಸಿದ್ಧಾಂತ ಮತ್ತು ಪಾತಂಜಲಾದಿ ಯೋಗಶಾಸ್ತ್ರಗಳು, ಹದಿನೆಂಟು ಪುರಾಣಗಳು, ಧರ್ಮಶಾಸ್ತ್ರಗಳು, ಕಾವ್ಯನಾಟಕಗಳು. ವಿದ್ಯೆಗಳ ಎಣಿಕೆ ಮುಗಿದ ಮೇಲೆ ಅನ್ನದಾನದ ಮಾತು ಬರುತ್ತದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ನಾನಾ ದೇಶಗಳಿಂದ ಬಂದ ನಾನಾ ಮತಗಳ ಭಿಕ್ಷುಗಳು. ಅನ್ನದಾನದ ನಂತರ ಅನಾಥರಾದ ಅನೇಕ ರೋಗಿಗಳ ಚಿಕಿತ್ಸೆಯ ಉಲ್ಲೇಖವಿದೆ. ಕೊನೆಯಲ್ಲಿ ಸಕಲ ಜೀವಿಗಳಿಗೂ ಅಭಯವೀಯುವ ಸ್ಥಾನವೆಂಬ ಮಾತಿನೊಡನೆ ಪಟ್ಟಿ ಮುಗಿಯುತ್ತದೆ.

ಈ ಭಾಗವನ್ನು ಉಲ್ಲೇಖಿಸುವವರು ಅದರಲ್ಲಿನ ಅಂಶಗಳನ್ನು ಎತ್ತಿಕೊಂಡಿದ್ದಾರೆಯೇ ಹೊರತು ಅವುಗಳ ಕ್ರಮವನ್ನು ಅಷ್ಟಾಗಿ ಗಮನಿಸಿಲ್ಲ. ಚಿಕಿತ್ಸೆಯು ವಿದ್ಯೆಗಳ ಗುಂಪಿನಲ್ಲಿ ಬರುವುದಿಲ್ಲ. ಅದು ಅನ್ನ ಮತ್ತು ಅಭಯಗಳ ನಡುವೆ ಬರುತ್ತದೆ. ಮಠದಲ್ಲಿ ವ್ಯಾಖ್ಯಾನಕ್ಕೆ ಒಳಗಾಗುತ್ತಿದ್ದ ಶಾಸ್ತ್ರಗಳನ್ನು ವ್ಯಾಕರಣದ ಪಂಥಭೇದಗಳ ಸಮೇತ ಹೆಸರಿಸುವ ಶಾಸನಕವಿಯು ಆಯುರ್ವೇದವನ್ನು ಹೆಸರಿಸಿಲ್ಲ. ‘ಮೊದಲಾದ ನಾನಾ ವಿದ್ಯೆಗಳು’ ಎಂಬ ಅರ್ಥದ ಮಾತಿನಲ್ಲಿ ವೈದ್ಯವೂ ಅಡಗಿರಬಹುದೆಂದು ವಾದಿಸಲು ಅವಕಾಶವಿದೆ. ಹಾಗಿದ್ದರೂ ಹೆಸರಿಸಬೇಕಾದ ಶಾಸ್ತ್ರವೆಂದು ಅದು ತೋರಲಿಲ್ಲವೆಂಬ ಸಂಗತಿ ಉಳಿಯುತ್ತದೆ. ಆದುದರಿಂದ ಕೋಡಿಯ ಮಠವು ರೋಗಿಗಳಿಗೆ ಆಶ್ರಯವಿತ್ತಿತ್ತು ಎಂಬುದು ಶಾಸನಸಿದ್ಧ. ಅದು ವೈದ್ಯವನ್ನು ಬೋಧಿಸುತ್ತಿದ್ದ ವಿದ್ಯಾಲಯವೆಂಬುದು ಶಾಸನಸಿದ್ಧವಲ್ಲ. ಈ ಎರಡನ್ನೂ ಬೆರೆಸಿ ‘ವೈದ್ಯಕೀಯ ವಿಶ್ವವಿದ್ಯಾಲಯ’ವೆಂದು ಹೇಳುವುದು ಅಭಿಮಾನದ ಮಾತಾದೀತೇ ಹೊರತು ಸಂಶೋಧನೆಯ ಮಾತಾಗದು.

2. ನಾಲ್ಕು ದಾನಗಳ ಚೌಕಟ್ಟು

ಹಾಗಾದರೆ ಈ ಕ್ರಮದ ಅರ್ಥವೇನು? ಶಾಸನದ ದೀರ್ಘ ಪಟ್ಟಿಯನ್ನು ಸಂಕ್ಷೇಪಿಸಿದರೆ ನಾಲ್ಕು ಘಟಕಗಳು ಉಳಿಯುತ್ತವೆ: ವಿದ್ಯೆ, ಅನ್ನ, ಔಷಧ, ಅಭಯ. ಜೈನಧರ್ಮದಲ್ಲಿ ಗೃಹಸ್ಥರಿಗೆ ವಿಹಿತವಾದ ಚತುರ್ವಿಧ ದಾನಗಳು ಆಹಾರ, ಅಭಯ, ಭೈಷಜ್ಯ ಮತ್ತು ಶಾಸ್ತ್ರ. ಕ್ರಮದಲ್ಲಿ ವ್ಯತ್ಯಾಸವಿದ್ದರೂ ಘಟಕಗಳು ಒಂದೇ. ಕರ್ನಾಟಕದ ಜೈನಶಾಸನಗಳಲ್ಲಿ ದಾನಿಗಳನ್ನು ಈ ನಾಲ್ಕು ದಾನಗಳಲ್ಲಿ ನಿರತರಾದವರೆಂದು ಹೊಗಳುವುದು ರೂಢಿಯೇ ಆಗಿದೆ. ಬಳ್ಳಿಗಾವೆಯ ನೆರೆಯಲ್ಲಿರುವ ಸೊರಬ ಸೀಮೆಯು ಜೈನಪರಂಪರೆಯ ಗಟ್ಟಿ ನೆಲೆಯಾಗಿತ್ತು. ಇಂದಿನ ಕುಬಟೂರು, ಅಂದರೆ ಶಾಸನಗಳ ಕುಪ್ಪಟೂರಿನ ಪಾರ್ಶ್ವದೇವ ಚೈತ್ಯಾಲಯಕ್ಕೆ ಹನ್ನೊಂದನೆಯ ಶತಮಾನದಲ್ಲಿ ಕದಂಬ ಕೀರ್ತಿದೇವನ ಅರಸಿ ಮಾಳಲದೇವಿಯ ಆಶ್ರಯವಿತ್ತು. ಅದೇ ಊರಿನಲ್ಲಿ ಕೈಟಭೇಶ್ವರ ದೇವಾಲಯವೂ ಇದೆ. ಒಂದೇ ಊರಿನಲ್ಲಿ, ಒಂದೇ ನಾಡಿನಲ್ಲಿ ಶೈವ ಮತ್ತು ಜೈನ ನೆಲೆಗಳು ಅಕ್ಕಪಕ್ಕದಲ್ಲಿ ಬಾಳಿದ ಪರಿಸರವಿದು.

ಇದರಿಂದ ಕಾಳಾಮುಖರು ಜೈನರಿಂದ ಈ ಚೌಕಟ್ಟನ್ನು ಎರವಲು ಪಡೆದರೆಂದು ತೀರ್ಮಾನಿಸುವ ಅಗತ್ಯವಿಲ್ಲ. ಅನ್ನದಾನ, ವಿದ್ಯಾದಾನ, ಔಷಧದಾನಗಳು ಎಲ್ಲ ಮತಗಳಿಗೂ ಸಮಾನವಾದ ಪುಣ್ಯಕಲ್ಪನೆಗಳು. ಹೇಳಬಹುದಾದುದು ಇಷ್ಟೆ: ಪರಸ್ಪರ ವಾದಿಸುತ್ತಿದ್ದ ಮತಗಳು ಚಿಕಿತ್ಸೆಯ ವಿಷಯದಲ್ಲಿ ಒಂದೇ ಭಾಷೆಯನ್ನಾಡುತ್ತಿದ್ದುವು; ಆ ಭಾಷೆ ದಾನದ ಭಾಷೆ. ದಾನದಲ್ಲಿ ಕೊಡುವವನ ಹೆಸರು ಮುಖ್ಯ, ಪಡೆಯುವವನ ದೈನ್ಯ ಮುಖ್ಯ. ದಾನವನ್ನು ಕೈಯಿಂದ ಎತ್ತಿಕೊಡುವವನು ಅಲ್ಲಿ ಗಣನೆಗೆ ಬರುವುದಿಲ್ಲ. ಅನ್ನದಾನವನ್ನು ಹೊಗಳುವ ಶಾಸನದಲ್ಲಿ ಅಡುಗೆಯವನ ಹೆಸರನ್ನು ಯಾರೂ ನಿರೀಕ್ಷಿಸುವುದಿಲ್ಲ. ಔಷಧವನ್ನು ಅರೆದವನ ಹೆಸರಿಲ್ಲದಿರುವುದಕ್ಕೂ ಕಾರಣ ಇದೇ ಆಗಿರಬೇಕು.

3. ಗ್ರಂಥಕಾರನಾದ ವೈದ್ಯ

ಇದರ ಅರ್ಥ ಆ ಕಾಲದ ಕನ್ನಡದಲ್ಲಿ ವೈದ್ಯನಿಗೆ ಹೆಸರೇ ಇರಲಿಲ್ಲವೆಂದಲ್ಲ. ಗ್ರಂಥ ಬರೆದವನಿಗೆ ಹೆಸರಿತ್ತು. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಕೃಷಿ, ಪಾಕಗಳ ಜೊತೆಯಲ್ಲಿ ವೈದ್ಯವೂ ಸೇರಿದೆ. ಚಾಳುಕ್ಯ ರಾಜವಂಶದ ಕೀರ್ತಿವರ್ಮನು ದನಕರುಗಳ ರೋಗಗಳನ್ನು ಕುರಿತು ‘ಗೋವೈದ್ಯ’ವನ್ನು ಬರೆದನು, ಅದರಲ್ಲಿ ಮದ್ದಿನೊಡನೆ ಮಂತ್ರವೂ ಇದೆ ಎಂಬುದು ಜಾನಪದ ವಿದ್ವಾಂಸರು ಗಮನಿಸಬೇಕಾದ ಅಂಶ. ಕೋಡಿಯ ಮಠದ ಶಾಸನದ ಕಾಲಕ್ಕೆ ತೀರ ಸಮೀಪದವನಾದ ಜಗದ್ದಳ ಸೋಮನಾಥನು ಪೂಜ್ಯಪಾದರ ಸಂಸ್ಕೃತ ಕೃತಿಯನ್ನು ಆಧರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು, ಮದ್ಯಮಾಂಸಗಳನ್ನು ವರ್ಜಿಸಿದ ಚಿಕಿತ್ಸಾಕ್ರಮ ಅದರದು. ಹದಿನಾಲ್ಕನೆಯ ಶತಮಾನದ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ಸ್ಥಾವರ ಮತ್ತು ಜಂಗಮ ವಿಷಗಳನ್ನೂ ಅವುಗಳ ಪರಿಹಾರಗಳನ್ನೂ ವಿಸ್ತಾರವಾಗಿ ನಿರೂಪಿಸುತ್ತದೆ.

ಈ ಕೃತಿಗಳು ವೈದ್ಯವನ್ನು ಸಂಸ್ಕೃತದಿಂದ ದೇಶಭಾಷೆಗೆ ತಂದುವು. ಆದರೆ ಅವು ಶಾಸ್ತ್ರಗ್ರಂಥಗಳು. ಇಂಥ ರೋಗಕ್ಕೆ ಇಂಥ ಯೋಗ ಎಂಬುದು ಅವುಗಳ ನಿರೂಪಣೆಯ ಮಾದರಿ. ಇಂಥ ಊರಿನ ಇಂಥ ರೋಗಿಗೆ ಇಂಥ ಮದ್ದು ಕೊಟ್ಟಾಗ ಹೀಗಾಯಿತು ಎಂಬ ನಿರೂಪಣೆ ಅವುಗಳ ಉದ್ದೇಶವಲ್ಲ. ಹೀಗಾಗಿ ಗ್ರಂಥಕಾರನ ಹೆಸರು ಉಳಿದರೂ ವೈದ್ಯನ ಅನುಭವ ಉಳಿಯಲಿಲ್ಲ.

ಈ ಚಿತ್ರಕ್ಕೆ ಹೊರತಾಗಿ ನಿಲ್ಲುವವನು ಹನ್ನೆರಡನೆಯ ಶತಮಾನದ ವಚನಕಾರ ವೈದ್ಯ ಸಂಗಣ್ಣ. ಶರಣಪರಂಪರೆಯು ವ್ಯಕ್ತಿಯನ್ನು ಕಾಯಕದಿಂದ ಗುರುತಿಸಿತಾದ ಕಾರಣ ಅವನ ವೃತ್ತಿಯು ಅವನ ಹೆಸರಿನಲ್ಲಿಯೇ ನಿಂತಿತು. ಅಲ್ಲಮನು ಬಳ್ಳಿಗಾವೆಯವನು, ಅಕ್ಕಮಹಾದೇವಿಯು ಉಡುತಡಿಯವಳು ಎಂದು ಪರಂಪರೆಯು ನಂಬುವ ಈ ಸೀಮೆಗೆ ಕಾಯಕದ ಆ ಕಲ್ಪನೆ ಅಪರಿಚಿತವಲ್ಲ. ದಾನದ ಚೌಕಟ್ಟಿನಲ್ಲಿ ಮರೆಯಾದ ವೈದ್ಯನು ಕಾಯಕದ ಚೌಕಟ್ಟಿನಲ್ಲಿ ಕಾಣಿಸಿಕೊಳ್ಳುತ್ತಾನೆ. ಆದರೆ ಸಂಗಣ್ಣನೂ ರೋಗ, ಮದ್ದು, ಪಥ್ಯಗಳ ಪರಿಭಾಷೆಯನ್ನು ಬಳಸಿಕೊಂಡುದು ಭವರೋಗದ ನಿರೂಪಣೆಗಾಗಿ. ಅವನ ವಚನಗಳು ಚಿಕಿತ್ಸೆಯ ದಾಖಲೆಗಳಲ್ಲ.

4. ಬೊಲೋನ್ಯದ ತದ್ದೇಯೊ: ಒಂದು ತೌಲನಿಕ ನಿದರ್ಶನ

ವೈದ್ಯನು ಹೆಸರುಳ್ಳ ಅಧ್ಯಾಪಕನಾಗಿ ರೂಪುಗೊಂಡ ಬೇರೊಂದು ಪರಿಸರವನ್ನು ಇದರೊಡನೆ ಹೋಲಿಸಿ ನೋಡುವುದು ಉಪಯುಕ್ತ. ಕೋಡಿಯ ಮಠದ ಶಾಸನವು ಹುಟ್ಟಿದ ಶತಮಾನದಲ್ಲಿ ದಕ್ಷಿಣ ಇಟಲಿಯ ಸಲೆರ್ನೊ ನಗರವು ವೈದ್ಯಬೋಧನೆಗೆ ಹೆಸರಾಗಿತ್ತು. ಮುಂದಿನ ಶತಮಾನದಲ್ಲಿ ಆ ಪ್ರತಿಷ್ಠೆಯು ಉತ್ತರದ ಬೊಲೋನ್ಯಕ್ಕೆ ಸಂದಿತು. ಅದಕ್ಕೆ ಕಾರಣರಾದವರಲ್ಲಿ ಪ್ರಮುಖನು ತದ್ದೇಯೊ ಅಲ್ದೆರೊತ್ತಿ. ಫ್ಲಾರೆನ್ಸಿನಲ್ಲಿ ಹುಟ್ಟಿದ ಇವನು ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಬೊಲೋನ್ಯದಲ್ಲಿ ವೈದ್ಯವನ್ನು ಬೋಧಿಸಿದನು; 1295ರಲ್ಲಿ ತೀರಿಕೊಂಡನು. ಹಿಪೊಕ್ರಟೀಸ್ ಮತ್ತು ಗೇಲೆನ್‌ರ ಗ್ರಂಥಗಳಿಗೆ ವ್ಯಾಖ್ಯಾನಗಳನ್ನು ಬರೆದು, ವೈದ್ಯವನ್ನು ತರ್ಕ ಮತ್ತು ತತ್ತ್ವಶಾಸ್ತ್ರಗಳ ಸಾಲಿನಲ್ಲಿ ಕೂರಿಸಿದನು. ಆರೋಗ್ಯರಕ್ಷಣೆಯನ್ನು ಕುರಿತ ಅವನ ಚಿಕ್ಕ ಕೃತಿಯೊಂದು ಲ್ಯಾಟಿನ್ ಭಾಷೆಯ ಬದಲು ಜನರಾಡುವ ಭಾಷೆಯಲ್ಲಿ ಪ್ರಚಾರ ಪಡೆಯಿತು. ದಾಂತೆಯು ತನ್ನ ಮಹಾಕಾವ್ಯದಲ್ಲಿ ಇವನ ಹೆಸರನ್ನೆತ್ತುತ್ತಾನೆ. ಹಣಕ್ಕಾಗಿ ವಿದ್ಯೆ ಕಲಿಯುವವರ ಮಾದರಿಯಾಗಿ ಅಲ್ಲಿ ಅವನ ಉಲ್ಲೇಖವಿದೆ. ಪೋಪನಿಂದಲೂ ಭಾರಿ ಶುಲ್ಕ ಕೇಳಿದನೆಂಬ ಐತಿಹ್ಯವು ಅವನ ಸುತ್ತ ಬೆಳೆದಿದೆ.

ದೇಶಭಾಷೆಯಲ್ಲಿ ವೈದ್ಯ ಬರೆದುದು ತದ್ದೇಯೊನ ವೈಶಿಷ್ಟ್ಯವೆಂದಾದರೆ, ಕನ್ನಡದ ಸೋಮನಾಥನು ಅವನಿಗಿಂತ ನೂರು ವರ್ಷಗಳಷ್ಟು ಮೊದಲಿಗನು. ವ್ಯತ್ಯಾಸವಿರುವುದು ಬೇರೆಡೆ. ತದ್ದೇಯೊನ ಹೆಸರಿನಲ್ಲಿ ನೂರಕ್ಕೂ ಹೆಚ್ಚು ‘ಕೊನ್ಸಿಲಿಯಾ’ಗಳು ಉಳಿದಿವೆ. ಕೊನ್ಸಿಲಿಯಂ ಎಂದರೆ ಒಬ್ಬ ರೋಗಿಯನ್ನು ಅಥವಾ ಒಂದು ರೋಗಸ್ಥಿತಿಯನ್ನು ಕುರಿತು ವೈದ್ಯನು ಲಿಖಿತವಾಗಿ ಕೊಟ್ಟ ಸಲಹೆ: ಬಾಧೆಯ ಸ್ವರೂಪ, ಆಹಾರ ವಿಹಾರಗಳ ನಿಯಮ, ಔಷಧದ ಪ್ರಯೋಗ. ಶಿಷ್ಯರು ಇವುಗಳನ್ನು ಸಂಗ್ರಹಿಸಿ ಓದಿದರು. ಮುಂದಿನವರು ಇವುಗಳನ್ನು ಒಪ್ಪಬಹುದಾಗಿತ್ತು, ತಿದ್ದಬಹುದಾಗಿತ್ತು, ತಿರಸ್ಕರಿಸಬಹುದಾಗಿತ್ತು. ಪ್ರಕರಣದ ದಾಖಲೆಯೆಂಬ ಈ ಪ್ರಕಾರದಿಂದ ವೈದ್ಯನ ಹೆಸರೂ ಉಳಿಯಿತು, ಅವನ ಅನುಭವವೂ ಉಳಿಯಿತು, ಅವನ ತಪ್ಪೂ ಉಳಿಯಿತು.

ಈ ಹೋಲಿಕೆಯ ಉದ್ದೇಶ ಮೇಲುಕೀಳುಗಳ ನಿರ್ಣಯವಲ್ಲ. ತದ್ದೇಯೊನ ವೈದ್ಯವು ಶುಲ್ಕ ತೆರಬಲ್ಲವರ ಕಡೆಗೆ ಮುಖ ಮಾಡಿತ್ತು; ಕೋಡಿಯ ಮಠದ ಶಾಸನವು ಹೆಸರಿಸುವುದು ದಿಕ್ಕಿಲ್ಲದ ರೋಗಿಗಳನ್ನು. ಒಂದು ಕಡೆ ವೈದ್ಯನಿಗೆ ಹೆಸರು ಸಂದಿತು. ಇನ್ನೊಂದು ಕಡೆ ಅನಾಥನಿಗೆ ಮದ್ದು ಸಂದಿತು. ಎರಡರಲ್ಲೂ ಒಂದೊಂದು ಲಾಭವಿದೆ, ಒಂದೊಂದು ನಷ್ಟವಿದೆ.

5. ಹಳ್ಳಿಮದ್ದು: ದಾನದ ಮುಂದುವರಿಕೆ

ಶಾಸನದ ಕಾಲದ ಮಠ ಇಂದಿಲ್ಲ. ದೇವಾಲಯ ಮಾತ್ರ ಉಳಿದಿದೆ. ಆದರೆ ಶಾಸನದಲ್ಲಿ ಕಾಣುವ ಚಿಕಿತ್ಸೆಯ ನೀತಿಯು ಈ ಸೀಮೆಯ ಹಳ್ಳಿಗಳಲ್ಲಿ ಬೇರೊಂದು ರೂಪದಲ್ಲಿ ಕಾಣಸಿಗುತ್ತದೆ. ಮಲೆನಾಡಿನ ಮತ್ತು ಅರೆಮಲೆನಾಡಿನ ನಾಟಿವೈದ್ಯದಲ್ಲಿ ಎರಡು ನಿಯಮಗಳು ವ್ಯಾಪಕವಾಗಿವೆ. ಮದ್ದಿಗೆ ಹಣ ಪಡೆಯಬಾರದು ಎಂಬುದು ಮೊದಲನೆಯದು. ಎಲೆ ಅಡಿಕೆ, ತೆಂಗಿನಕಾಯಿ, ದೇವರಿಗೊಂದು ಕಾಣಿಕೆ, ಹೆಚ್ಚೆಂದರೆ ಇಷ್ಟು. ಬೆಲೆ ಕಟ್ಟಿದರೆ ಕೈಗುಣ ಹೋಗುತ್ತದೆಂಬುದು ನಂಬಿಕೆ. ಗಿಡದ ಗುರುತನ್ನು ಹೊರಗೆಡಹಬಾರದು ಎಂಬುದು ಎರಡನೆಯದು. ನಸುಕಿನಲ್ಲಿ ಯಾರ ಕಣ್ಣಿಗೂ ಬೀಳದೆ ಬೇರನ್ನು ಕಿತ್ತು ತರುವುದು, ಅರೆದ ಮೇಲೆ ಗುರುತು ಸಿಗದಂತೆ ಕೊಡುವುದು, ಮನೆತನದ ಒಬ್ಬರಿಗೆ ಮಾತ್ರ ಹೇಳಿಕೊಡುವುದು ಇದರ ಅಂಗಗಳು. ಕಾಮಾಲೆ, ಸರ್ಪಸುತ್ತು, ಮೂಳೆಮುರಿತ, ವಿಷಜಂತುಗಳ ಕಡಿತ ಮುಂತಾದವುಗಳಿಗೆ ಒಂದೊಂದು ಮನೆತನವು ಹೆಸರಾಗಿರುವುದುಂಟು. ಊರಿನ ಹೆರಿಗೆಗಳನ್ನೆಲ್ಲ ನಿರ್ವಹಿಸಿದ ಸೂಲಗಿತ್ತಿಯರ ಅರಿವೂ ಈ ಪರಂಪರೆಯ ಭಾಗವೇ. ಅವರ ಕೆಲಸವನ್ನು ಊರೂರು ನೆನೆದರೂ ಬರಹಗಳಲ್ಲಿ ಅವರ ಹೆಸರು ವಿರಳ.

ಹಣ ಪಡೆಯಬಾರದೆಂಬ ನಿಯಮವು ಚಿಕಿತ್ಸೆಯನ್ನು ದಾನವಾಗಿ ಉಳಿಸುತ್ತದೆ. ಬಡವನಿಗೂ ಮದ್ದು ಸಿಗುವಂತೆ ಮಾಡಿದ್ದು ಅದೇ ನಿಯಮ. ಕೋಡಿಯ ಮಠಕ್ಕೂ ಇಂದಿನ ಹಳ್ಳಿಮದ್ದಿನವರಿಗೂ ನೇರವಾದ ವಂಶಾವಳಿಯನ್ನು ಕಲ್ಪಿಸುವುದು ಸಾಧುವಲ್ಲ. ಆದರೆ ಎರಡೂ ಕಡೆ ಕೆಲಸ ಮಾಡಿರುವ ಮೌಲ್ಯ ಒಂದೇ. ಗುಟ್ಟಿನ ನಿಯಮದ ಪರಿಣಾಮ ಇದಕ್ಕೆ ವಿರುದ್ಧವಾದುದು. ಅದು ಗಿಡವನ್ನು ಅತಿಯಾದ ಕೀಳುವಿಕೆಯಿಂದ ಒಂದಿಷ್ಟು ಕಾಪಾಡಿರಬಹುದು, ಅಪಾತ್ರರ ಕೈಗೆ ಮದ್ದು ಸೇರದಂತೆ ತಡೆದಿರಬಹುದು. ಆದರೆ ಹೇಳಿಕೊಳ್ಳುವ ಉತ್ತರಾಧಿಕಾರಿಯಿಲ್ಲದೆ ಒಬ್ಬ ವೈದ್ಯ ತೀರಿಕೊಂಡರೆ ಅವನೊಡನೆ ಅಷ್ಟೂ ಅರಿವು ಮಣ್ಣಾಗುತ್ತದೆ. ಅದು ಪರೀಕ್ಷೆಗೆ ಒಳಗಾಗದೆ ಮಣ್ಣಾಗುತ್ತದೆ ಎಂಬುದು ಇನ್ನೂ ದೊಡ್ಡ ನಷ್ಟ. ಯಾವುದು ಗುಣ ಮಾಡಿತು, ಯಾವುದು ಮಾಡಲಿಲ್ಲ, ಯಾವುದು ಕೇಡು ಮಾಡಿತು ಎಂಬ ವಿವೇಚನೆಗೆ ಅಲ್ಲಿ ಅವಕಾಶವೇ ಉಳಿಯುವುದಿಲ್ಲ.

6. ಕ್ಯಾಸನೂರು: ಜನರ ಅರಿವು ರೋಗದ ಹೆಸರಾದ ಬಗೆ

ಸೊರಬ ತಾಲ್ಲೂಕಿನ ಹೆಸರನ್ನು ಜಗತ್ತಿನ ವೈದ್ಯಸಾಹಿತ್ಯದಲ್ಲಿ ನಿಲ್ಲಿಸಿದುದು ಒಂದು ರೋಗ. 1957ರಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಅರಣ್ಯದ ಸುತ್ತಲಿನ ಹಳ್ಳಿಗಳಲ್ಲಿ ತೀವ್ರ ಜ್ವರವು ಹರಡಿತು. ಅದೇ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುವು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಆ ವರ್ಷವೇ ವೈರಾಣುವನ್ನು ಬೇರ್ಪಡಿಸಿದರು. ಅದು ಉಣ್ಣೆಗಳಿಂದ ಹರಡುವುದೆಂದು ಕಂಡುಕೊಂಡರು. ರೋಗಕ್ಕೆ ಕ್ಯಾಸನೂರು ಅರಣ್ಯ ಕಾಯಿಲೆ ಎಂಬ ಹೆಸರು ಬಂದಿತು. ಮುಂದಿನ ದಶಕಗಳಲ್ಲಿ ಅದು ಪಶ್ಚಿಮಘಟ್ಟದ ಇತರ ಜಿಲ್ಲೆಗಳಲ್ಲಿಯೂ ಕಾಣಿಸಿಕೊಂಡಿತು.

ಜನರು ಇಟ್ಟ ಹೆಸರು ಬೇರೆ: ಮಂಗನ ಕಾಯಿಲೆ. ಮಂಗಗಳ ಸಾವಿಗೂ ಮನುಷ್ಯರ ಜ್ವರಕ್ಕೂ ಸಂಬಂಧವುಂಟೆಂಬ ಗ್ರಹಿಕೆಯು ಆ ಹೆಸರಿನಲ್ಲಿ ಅಡಕವಾಗಿದೆ. ಸೌದೆಗೂ ಸೊಪ್ಪಿಗೂ ದನ ಕಾಯುವುದಕ್ಕೂ ದಿನವೂ ಕಾಡಿಗೆ ಹೋಗುತ್ತಿದ್ದವರ ಅವಲೋಕನ ಅದು. ಪ್ರಯೋಗಾಲಯವು ರೋಗದ ಕಾರಣವನ್ನು ಕಂಡುಹಿಡಿಯಿತು, ಉಣ್ಣೆಯ ಪಾತ್ರವನ್ನು ತೋರಿಸಿತು. ಮಂಗ ಮತ್ತು ಮನುಷ್ಯರ ನಡುವಣ ನಂಟನ್ನು ಊರಿನವರ ಮಾತು ತನ್ನದೇ ರೀತಿಯಲ್ಲಿ ಸೂಚಿಸಿತು. ಕಾಡಿನಲ್ಲಿ ಮಂಗ ಸತ್ತುದು ಕಂಡರೆ ಕೂಡಲೇ ತಿಳಿಸಬೇಕೆಂದು ಆರೋಗ್ಯ ಇಲಾಖೆಯು ಜನರನ್ನು ಕೇಳಿಕೊಳ್ಳುವುದು ಅದೇ ನಂಟಿನ ಆಧಾರದ ಮೇಲೆ. ಇಲ್ಲಿಯೂ ಮೊದಲು ಗಮನಿಸಿದವರ ಹೆಸರಿಲ್ಲ. ಆದರೆ ಅವರ ಅವಲೋಕನವು ಭಾಷೆಯಲ್ಲಿ ದಾಖಲಾಯಿತು, ದಾಖಲಾದ ಕಾರಣ ಪರೀಕ್ಷೆಗೆ ಒಳಗಾಯಿತು, ಪರೀಕ್ಷೆಯಲ್ಲಿ ನಿಂತಿತು. ಜನಪದ ವೈದ್ಯದ ಅಧ್ಯಯನಕ್ಕೆ ಇದಕ್ಕಿಂತ ಉತ್ತಮವಾದ ಪಾಠ ಇನ್ನೊಂದಿಲ್ಲ.

7. ಸಂಗ್ರಹಕಾರ್ಯದ ವಿಮರ್ಶೆ

ಕನ್ನಡದಲ್ಲಿ ಜನಪದ ವೈದ್ಯದ ಸಂಗ್ರಹಗಳು ಕಡಿಮೆಯಿಲ್ಲ. ಅವುಗಳ ಹಿಂದಿನ ಶ್ರಮವೂ ಕಡಿಮೆಯದಲ್ಲ. ಆದರೆ ಅವುಗಳಲ್ಲಿ ಬಹುಪಾಲು ರೋಗದ ಹೆಸರು, ಗಿಡದ ಹೆಸರು, ಬಳಸುವ ಕ್ರಮ ಎಂಬ ಮೂರು ಅಂಕಣಗಳ ಪಟ್ಟಿಗಳು. ಮದ್ದನ್ನು ಕೊಟ್ಟವರು ಯಾರು, ಅವರಿಗೆ ಅದು ಯಾರಿಂದ ಬಂದಿತು, ಯಾವ ರೋಗಿಗೆ ಎಷ್ಟು ದಿನ ಕೊಟ್ಟರು, ಪಥ್ಯವೇನು, ಫಲಿಸದಿದ್ದಾಗ ಏನು ಮಾಡಿದರು ಎಂಬ ಪ್ರಶ್ನೆಗಳಿಗೆ ಪಟ್ಟಿಯಲ್ಲಿ ಸ್ಥಳವಿರುವುದಿಲ್ಲ. ಕೋಡಿಯ ಮಠದ ಶಾಸನಕವಿಯಂತೆಯೇ ಇಂದಿನ ಸಂಗ್ರಹಕಾರನೂ ಎಣಿಸುತ್ತ ಸಾಗುತ್ತಾನೆ. ವೈದ್ಯನು ಪಟ್ಟಿಯ ಹೊರಗೆ ಉಳಿಯುತ್ತಾನೆ. ಶಾಸನಕವಿಗೆ ಪ್ರಶಂಸೆಯೇ ಉದ್ದೇಶವಾಗಿದ್ದುದರಿಂದ ಅವನನ್ನು ಆಕ್ಷೇಪಿಸುವಂತಿಲ್ಲ. ಸಂಶೋಧಕನಿಗೆ ಆ ರಿಯಾಯಿತಿ ಇಲ್ಲ.

ಪ್ರಮಾಣದ ಪ್ರಶ್ನೆ ಇನ್ನೂ ಗಂಭೀರವಾದುದು. ಒಂದೇ ಗಿಡಕ್ಕೆ ಸೊರಬದಲ್ಲಿ ಒಂದು ಹೆಸರು, ಶಿಕಾರಿಪುರದ ಬಯಲಿನ ಕಡೆ ಇನ್ನೊಂದು ಹೆಸರು ಇರಬಹುದು. ಒಂದೇ ಹೆಸರು ಎರಡು ಗಿಡಗಳಿಗೆ ಇರಲೂಬಹುದು. ಗಿಡದ ಮಾದರಿಯನ್ನು ಇರಿಸದೆ, ಸಸ್ಯಶಾಸ್ತ್ರೀಯ ಗುರುತನ್ನು ಖಚಿತಪಡಿಸದೆ ಅಚ್ಚು ಮಾಡಿದ ಮದ್ದು ಓದುಗನ ಕೈಯಲ್ಲಿ ವಿಷವಾಗಬಲ್ಲದು. ಮನೆಮದ್ದೆಂಬ ಹೆಸರಿನಲ್ಲಿ ಪ್ರಕಟವಾಗುವ ಪುಸ್ತಕಗಳಲ್ಲಿ ಈ ಎಚ್ಚರ ವಿರಳ.

ಹಕ್ಕಿನ ಪ್ರಶ್ನೆಯೂ ಇದರೊಡನೆ ಸೇರಿದೆ. 2002ರ ಜೀವವೈವಿಧ್ಯ ಕಾಯಿದೆಯು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೂ ಜನತಾ ಜೀವವೈವಿಧ್ಯ ದಾಖಲಾತಿಗೂ ಅವಕಾಶ ಕಲ್ಪಿಸಿತು. ಜೀವಿಗಳ ಜೊತೆಗೆ ಅವುಗಳನ್ನು ಕುರಿತ ಸ್ಥಳೀಯ ಅರಿವೂ ಅದರ ವ್ಯಾಪ್ತಿಯಲ್ಲಿದೆ. ಗುಟ್ಟಾಗಿ ಉಳಿದಿದ್ದ ಅರಿವು ಯಾರ ಹೆಸರೂ ಇಲ್ಲದೆ ಅಚ್ಚಾದರೆ ಅದನ್ನು ಉಳಿಸಿಕೊಂಡು ಬಂದ ಮನೆತನಕ್ಕೆ ಯಾವ ಪ್ರಯೋಜನವೂ ಇಲ್ಲ. ಹೇಳುವವರ ಒಪ್ಪಿಗೆಯನ್ನು ಪಡೆದು, ಅವರು ಇಚ್ಛಿಸಿದರೆ ಅವರ ಹೆಸರಿನಲ್ಲಿ, ಇಚ್ಛಿಸದಿದ್ದರೆ ಅವರು ವಿಧಿಸುವ ಮಿತಿಯಲ್ಲಿ ದಾಖಲಿಸುವುದು ಸಂಶೋಧಕನ ಹೊಣೆ. ಹೆಸರನ್ನು ಮರೆಮಾಡುವುದು ವೈದ್ಯನ ಆಯ್ಕೆಯಾದರೆ ಅದು ಮರ್ಯಾದೆ. ಸಂಗ್ರಹಕಾರನ ಅಲಕ್ಷ್ಯವಾದರೆ ಅದು ಅಪಹರಣಕ್ಕೆ ಸಮಾನ.

ಒಟ್ಟಾರೆಯಾಗಿ, ಶಿಕಾರಿಪುರ–ಸೊರಬ ಪರಿಸರದ ವೈದ್ಯಪರಂಪರೆಗೆ ಮೂರು ಬಗೆಯ ದಾಖಲೆಗಳು ದೊರೆತಂತಾಗುತ್ತದೆ: ಚಿಕಿತ್ಸೆಯನ್ನು ದಾನವೆಂದು ಹೊಗಳುವ ಶಾಸನ, ಅದನ್ನು ಯೋಗಗಳಾಗಿ ನಿರೂಪಿಸುವ ಕನ್ನಡ ವೈದ್ಯಗ್ರಂಥ, ಗಿಡಗಳಾಗಿ ಎಣಿಸುವ ಜಾನಪದ ಸಂಗ್ರಹ. ಇಲ್ಲದಿರುವುದು ನಾಲ್ಕನೆಯದು, ಪ್ರಕರಣದ ದಾಖಲೆ. ಅದನ್ನು ರೂಪಿಸಲು ಬೊಲೋನ್ಯದ ಮಾದರಿಯನ್ನು ತಂದು ನೆಡಬೇಕಾಗಿಲ್ಲ. ಹಳ್ಳಿಮದ್ದಿನವರು ತಮ್ಮ ಹಿರಿಯರು ಗುಣಪಡಿಸಿದ ಪ್ರಸಂಗಗಳನ್ನು ಊರು, ಮನೆ, ಮಾಸಗಳ ಸಮೇತ ಕಥೆಯಾಗಿ ಹೇಳುವುದುಂಟು. ಸಂಗ್ರಹಕಾರರು ಅವನ್ನು ಹರಟೆಯೆಂದು ಬಿಟ್ಟು ಗಿಡದ ಹೆಸರನ್ನಷ್ಟೇ ಬರೆದುಕೊಂಡಿದ್ದಾರೆ. ಆ ಕಥನಗಳನ್ನು ಪೂರ್ಣವಾಗಿ ಬರೆದುಕೊಳ್ಳುವ ಕೆಲಸ, ಅವುಗಳನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಆಗಬೇಕು. ಕೋಡಿಯ ಮಠದ ರೋಗಿಗಳಿಗೆ ಮದ್ದು ಅರೆದವನ ಹೆಸರು ಇನ್ನು ಸಿಗಲಾರದು. ಅವನ ಕಸುಬನ್ನು ಇಂದಿಗೂ ಉಳಿಸಿಕೊಂಡವರ ಹೆಸರನ್ನು ಕೇಳಿ ಬರೆದುಕೊಳ್ಳುವುದು ಅಸಾಧ್ಯವೇನಲ್ಲ.